ಹೆಬ್ಬಗೋಡಿಯ ಹ್ಯಾಂಗರ್

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಆರ್ಫಿಯಸ್ ಜೆಟ್ ಎಂಜಿನ್ ಒಂದು ಕಾಲದಲ್ಲಿ ಬೆಂಗಳೂರಿಗೆ ಬಂತು. ಬೆಂಗಳೂರಲ್ಲಿ ಹುಟ್ಟಿದ ಎಂಜಿನಿಯರುಗಳು ಆಮೇಲೆ ಬ್ರಿಸ್ಟಲ್‌ಗೆ ಹೋದರು. ಹಾಗೆ ಹೋದವರಲ್ಲಿ ಹೆಬ್ಬಗೋಡಿಯ ನಿವೃತ್ತ ಎಚ್‌ಎಎಲ್ ನೌಕರರೊಬ್ಬರ ಮಗನೂ ಇದ್ದಾನೆ. ಅವನು ಏರ್‌ಫಿಕ್ಸ್ ಕಂಪನಿಯ, ಅದೇ ಎಂಜಿನ್ನಿನಿಂದ ಹಾರುತ್ತಿದ್ದ ನ್ಯಾಟ್ ವಿಮಾನದ ಪ್ಲಾಸ್ಟಿಕ್ ಕಿಟ್ ಎರಡು ಕೊಂಡ, 1/72 ಅಳತೆಯವು. ಒಂದು ಅಲ್ಲಿಯ ಮೊಮ್ಮಗನಿಗೆ, ಇನ್ನೊಂದು ಇಲ್ಲಿಯ ತಾತನಿಗೆ. ವಿಡಿಯೊ ಕರೆಯಲ್ಲಿ ಇಬ್ಬರೂ ಜೊತೆಗೂಡಿ ಜೋಡಿಸಲಿ, ಆ ನೆಪದಲ್ಲಿ ಹುಡುಗನ ಬಾಯಲ್ಲಿ ನಾಲ್ಕು ಕನ್ನಡ ಪದ ಉದುರಲಿ ಎಂಬ ಹಂಚಿಕೆ ಸೊಸೆಯದು.

ಮೊದಲ ದಿನವೇ ತಾತನ ತಕರಾರು. ‘ಇದರಲ್ಲಿ ಇಬ್ಬರು ಯಾಕೆ ಕೂತಿದಾರೆ?’

ಡಬ್ಬಿಯೊಳಗಿದ್ದದ್ದು ಬ್ರಿಟನ್ನಿನ ರೆಡ್ ಆ್ಯರೋಸ್ ವೈಮಾನಿಕ ಪ್ರದರ್ಶನ ತಂಡ 1965ರಿಂದ 1979ರವರೆಗೆ ಹಾರಿಸಿದ ಕೆಂಪು ತರಬೇತಿ ನ್ಯಾಟ್. ಎಚ್‌ಎಎಲ್ ಪರವಾನಗಿ ಪಡೆದು ಕಟ್ಟಿದ್ದೋ ಒಂಟಿ ಆಸನದ್ದು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ಜೆಟ್ಟುಗಳ ಬೆನ್ನುಬಿದ್ದು ಹೆಸರು ಮಾಡಿದ್ದು ಅದೇ. 1971ರ ಡಿಸೆಂಬರ್ 14ರಂದು ಶ್ರೀನಗರದ ಆಕಾಶದಲ್ಲಿ ಪೈಲಟ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಒಬ್ಬರೇ ಕಾದಾಡಿ, ಮರಣೋತ್ತರ ಪರಮವೀರ ಚಕ್ರಕ್ಕೆ ಪಾತ್ರರಾದದ್ದೂ ಅದರಲ್ಲೇ. ಅದರ ಸುಧಾರಿತ ರೂಪ ಅಜೀತ್ ತಯಾರಾಗುತ್ತಿದ್ದ ಕಾಲಕ್ಕೆ ತಾತ ತಪಾಸಣೆ ವಿಭಾಗದಲ್ಲಿದ್ದವರು. ಅವರ ಕಣ್ಣಿಗೆ ಕೆಂಪು ನ್ಯಾಟ್ ಎಂದರೆ ಮದುವೆ ದಿಬ್ಬಣದ ಬಸ್ಸು. ಬೆಳ್ಳಿ ಬಣ್ಣವೇ ಆಗಬೇಕು!

ಆದರೆ ಎನಾಮಲ್ ಬಣ್ಣ, ಅಂಟು ಎರಡೂ ಬೇಗ ಹೊತ್ತಿಕೊಳ್ಳುವ ಪದಾರ್ಥ. ವಿಮಾನದ ಬಣ್ಣ ವಿಮಾನದಲ್ಲಿ ಬರುವಂತಿಲ್ಲ. ತಾತ ಗೇಟಿಗೆ ಬಳಿಯುವ ಅಲ್ಯುಮಿನಿಯಂ ಪೇಂಟ್ ತಂದರು. 13 ಸೆಂಟಿಮೀಟರಿನ ಜೆಟ್ಟಿಗೆ ಎಷ್ಟು ಹಿಡಿದೀತು? ಉಳಿದದ್ದರಲ್ಲಿ ಗೇಟು, ಕಿಟಕಿ ಸರಳು, ವಾಷಿಂಗ್ ಮೆಷಿನ್ ಸ್ಟ್ಯಾಂಡು ಎಲ್ಲವೂ ವಾಯುಪಡೆಗೆ ಸೇರಿದವು.

ಅಂಟಿನದು ಬೇರೆಯೇ ಪುರಾಣ. ಕಿಟ್ ಪಾಲಿಸ್ಟೈರೀನಿನದು, ಅದಕ್ಕೆಂದೇ ಇರುವ ಅಂಟು ಅಂಚುಗಳನ್ನು ತುಸು ಕರಗಿಸಿ ಬೆಸೆದುಬಿಡುತ್ತದೆ. ಹಳದಿ ಮಾರ್ಗದ ಮೆಟ್ರೊ ಹತ್ತಿ ಪೇಟೆಯಲ್ಲಿ ಅದನ್ನು ಹುಡುಕುವ ತಾಳ್ಮೆಯಿಲ್ಲದ ತಾತ, ಥಟ್ಟನೆ ಅಂಟುವ ಸೂಪರ್ ಗ್ಲೂ ಹಿಂಡಿದರು. ಅದರ ಆವಿ ಕೂತು ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ ಬೆಳ್ಳಗಾಯಿತು. ಬ್ರಿಸ್ಟಲ್ಲಿನ ಹುಡುಗ ಕಿರುಚಿದ. ತಾತ ಮಾತ್ರ ತೃಪ್ತರು: ಒಳಗೆ ಕೂತವರು ಒಬ್ಬರೋ ಇಬ್ಬರೋ, ಇನ್ನು ಯಾರಿಗೂ ಕಾಣುವುದಿಲ್ಲ.

ಇಂಥ ಮಾದರಿಗಳ ಮೂತಿಯೊಳಗೆ ಭಾರ ಇಡದಿದ್ದರೆ ಬಾಲ ಊರಿ ಕೂರುವುದುಂಟು. ಅಜ್ಜಿ ಹುಣಸೆಬೀಜ ಸೂಚಿಸಿದರು. ಕೊನೆಗೆ ಬೊಮ್ಮಸಂದ್ರದ ಲೇತ್ ಶಾಪಿನಲ್ಲಿ ದುಡಿಯುವ ಪಕ್ಕದ ಮನೆಯವರು ಬೇರಿಂಗ್ ಗುಂಡು ತಂದುಕೊಟ್ಟರು.

ಆಯುಧಪೂಜೆ ಬಂತು. ಅಜ್ಜಿ ವಿಮಾನವನ್ನು ಗೊಂಬೆಗಳ ಸಾಲಿಗೆ ಏರಿಸಿ, ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಗಾಲಿಯಡಿ ಇಡಲು ನಿಂಬೆಹಣ್ಣು ಹಿಡಿದು ನಿಂತರು. ತಾತ ತಡೆದರು. ಈ ಅಳತೆಯಲ್ಲಿ ಆರಡಿ ಆಳು ಒಂದಿಂಚು. ನಿಂಬೆಹಣ್ಣು ಅರ್ಧ ಮಿಲಿಮೀಟರ್ ಚಿಲ್ಲರೆ. ತಪಾಸಣೆ ವಿಭಾಗ ಒಪ್ಪುವುದಿಲ್ಲ. ಅಜ್ಜಿ ಗೊಣಗುತ್ತ ಒಳಗೆ ಹೋಗಿ ಗಸಗಸೆ ಡಬ್ಬಿ ತಂದರು. ಮೂರು ಗಾಲಿಗೆ ಮೂರು ಕಾಳು.

ಬ್ರಿಸ್ಟಲ್ಲಿನ ಮನೆಯಲ್ಲಿ ಗಸಗಸೆ ಇರಲಿಲ್ಲ. ಹುಡುಗ ಬೆಳಗಿನ ತಿಂಡಿಯ ಬನ್ನಿನ ಮೇಲಿಂದ ಮೂರು ಕಾಳು ಕಿತ್ತು ಕ್ಯಾಮೆರಾಕ್ಕೆ ಹಿಡಿದ. ‘ತಾತಾ, ಇದು ಬ್ಲ್ಯಾಕ್. ಓಕೆನಾ?’

ತಾತ ಕನ್ನಡಕ ಒರೆಸಿಕೊಂಡು, ಒಂದೊಂದನ್ನೇ ಹತ್ತಿರ ತೋರಿಸಲು ಹೇಳಿ, ಎರಡನ್ನು ಪಾಸ್ ಮಾಡಿದರು.