ಗೊಬ್ಬರ ಕಂಡರಾಗದ ಎಡೆಲ್‌ವೈಸ್

ಆಸ್ಟ್ರಿಯಾದ 2 ಸೆಂಟ್ ನಾಣ್ಯದ ಮೇಲೆ ಕೂತಿರುವ ಹೂವಿನ ಹೆಸರು ಎಡೆಲ್‌ವೈಸ್. ವಾಸ ಆಲ್ಪ್ಸ್‌ನ ಸುಣ್ಣಕಲ್ಲಿನ ಬಂಡೆಗಳಲ್ಲಿ, ಸುಮಾರು 1,800ರಿಂದ 3,000 ಮೀಟರ್ ಎತ್ತರದಲ್ಲಿ. ಇದನ್ನು ನಲ್ಲೆಗೆ ಕಿತ್ತು ತರಲು ಹೋಗಿ ಕಾಲು ಜಾರಿದ ಹುಡುಗರ ಕಥೆಗಳು ಅಲ್ಲಿ ಬೇಕಾದಷ್ಟಿವೆ.

ಪಾಪ, ಅವರು ಎಸಳೆಂದು ಮೆಚ್ಚಿದ್ದು ಎಸಳೇ ಅಲ್ಲ! ಅತಿನೇರಳೆ ಕಿರಣ ತಾಗದಂತೆ ಬಿಳಿ ನವಿರು ಹೊದ್ದ ಎಲೆಗಳವು. ಅಸಲಿ ಹೂಗಳು ನಡುವೆ ಹಳದಿ ಚುಕ್ಕೆಗಳಾಗಿ ಮುದುಡಿ ಕೂತಿರುತ್ತವೆ.

ಬೆಳೆಸುವವರ ಪಾಡು ಬೇರೆಯೇ. ಬೀಜವನ್ನು ಒದ್ದೆ ಮರಳಿನೊಂದಿಗೆ ಕೆಲವು ವಾರ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಮಣ್ಣಿನ ಮೇಲೆ ಸುಮ್ಮನೆ ಉದುರಿಸಬೇಕು. ಮುಚ್ಚುವಂತಿಲ್ಲ, ಮೊಳೆಯಲು ಬೆಳಕು ಬೇಕು. ಜಲ್ಲಿ ಬೆರೆತ ಬಡ ಮಣ್ಣು, ಚೂರು ಸುಣ್ಣ, ಧಾರಾಳ ಬಿಸಿಲು ಸಿಕ್ಕರೆ ಸಾಕು. ಗೊಬ್ಬರ ಸುರಿದು ಮುದ್ದು ಮಾಡಿದರೋ, ಕಾಂಡ ಉದ್ದಕ್ಕೆ ಜೋಲಿ ಬಿಳುಪೆಲ್ಲ ಹಸಿರಾಗುತ್ತದೆ. ಹಿಮದಡಿ ತಿಂಗಳುಗಟ್ಟಲೆ ಮಲಗಿ ಏಳುವ ಈ ಗಟ್ಟಿಗ ಗಿಡ, ಚಳಿಗಾಲದಲ್ಲಿ ಬುಡಕ್ಕೆ ನೀರು ನಿಂತರೆ ಕೊಳೆತು ಹೋಗುತ್ತದೆ.

ಆಸ್ಟ್ರಿಯಾದ ಜಾನಪದವೆಂದು ಎಷ್ಟೋ ಜನ ನಂಬಿರುವ ‘ಎಡೆಲ್‌ವೈಸ್’ ಹಾಡನ್ನು 1959ರಲ್ಲಿ ಬ್ರಾಡ್‌ವೇ ನಾಟಕಕ್ಕಾಗಿ ಹೊಸೆದವರು ಅಮೆರಿಕನ್ನರು. ಹಾಡು ಹಾಗಿರಲಿ, ಸ್ವಿಟ್ಜರ್ಲೆಂಡಿನಲ್ಲಂತೂ ಈ ಹೂವಿನ ‘ಹೆಲ್ವೆಟಿಯಾ’ ಎಂಬ ತಳಿಯನ್ನು ಹೊಲದಲ್ಲೇ ಬೆಳೆದು ಮುಖಕ್ಕೆ ಹಚ್ಚುವ ಕ್ರೀಮಿಗೆ ಸಾರ ತೆಗೆಯುತ್ತಾರೆ. ನಲ್ಲೆಗೆ ಈಗ ಡಬ್ಬಿಯಲ್ಲೇ ತಂದುಕೊಡಬಹುದು, ಕಾಲೂ ಜಾರುವುದಿಲ್ಲ.