ಮೈಲುತುತ್ತ, ಸುಣ್ಣ ಮತ್ತು ನಾನು

ಬೆಂಗಳೂರಿನ ಕೆಲಸ ಬಿಟ್ಟು ತೀರ್ಥಹಳ್ಳಿ ಕಡೆಯ ಮಾವನ ಅಡಿಕೆ ತೋಟಕ್ಕೆ ಬಂದಿಳಿದಾಗ ನನ್ನ ಹತ್ತಿರ ಗಂಬೂಟಿತ್ತು, ತಲೆಗೆ ಕಟ್ಟುವ ಟಾರ್ಚಿತ್ತು, ನಮೂನೆ ನಮೂನೆಯ ಕತ್ತಿಗಳಿದ್ದವು. ಯೂಟ್ಯೂಬಿನಲ್ಲಿ ಸಂಪಾದಿಸಿದ ಪಾಂಡಿತ್ಯವಂತೂ ಧಾರಾಳವಾಗಿತ್ತು. ಗಂಬೂಟಿನೊಳಗೆ ಉಂಬಳಗಳು ಸಂಸಾರ ಹೂಡಿದವು. ಕತ್ತಿಗಳನ್ನು ನೆರೆಯವರು ಎರವಲು ಒಯ್ದು ಉಪಯೋಗಕ್ಕೆ ತಂದರು. ಪಾಂಡಿತ್ಯವನ್ನು ಮಾತ್ರ ಯಾರೂ ಎರವಲು ಕೇಳಲಿಲ್ಲ.

ನನ್ನನ್ನು ಮೊದಲು ಸೋಲಿಸಿದ್ದು ಬಾವಿಯ ಪಂಪು. ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದೆ, ಕೆಂಪು ಗುಂಡಿ ಒತ್ತಿದೆ, ಫ್ಯೂಸು ಕಿತ್ತು ಹಾಕಿದೆ. ಕೊನೆಗೆ ಆಫೀಸಿನ ಅಭ್ಯಾಸಬಲದಿಂದ ಮೇನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದೆ. ಹಾಲು ತಂದ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದಲೇ ಕೇಳಿದರು: ‘ಅದಕ್ಕೆ ನೀರು ಕುಡಿಸಿದ್ಯಾ ಮಗಾ?’

ಫುಟ್‌ವಾಲ್ವಿಗೆ ಕಸ ಸಿಕ್ಕಿ ಪೈಪಿನ ನೀರೆಲ್ಲ ಬಾವಿಗೆ ಇಳಿದುಹೋಗಿತ್ತು. ಕಸ ತೆಗೆದು, ಪೈಪು ತುಂಬುವಷ್ಟು ನೀರು ಹೊಯ್ದು, ಗಾಳಿ ಹೊರಡಿಸಬೇಕಿತ್ತು. ಕೊಡಬೇಕಾದ್ದಕ್ಕೆ ಮೊದಲು ನಾವೇ ಕೊಡಬೇಕೆಂಬ ನಿಯಮ, ಕಚೇರಿಗಳನ್ನು ಸುತ್ತಿ ಬಂದ ನನಗಾದರೂ ಹೊಳೆಯಬೇಕಿತ್ತು.

ಅಷ್ಟರಲ್ಲಿ ಮಳೆಗಾಲ ಹತ್ತಿರ ಬಂತು. ಮಲೆನಾಡಿನಲ್ಲಿ ಮುಂಗಾರು ಹಿಡಿಯುವ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಅಡಿಕೆ ಕೊನೆಗೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಉದುರುತ್ತದೆ. ನಾನು, ಮರ ಹತ್ತಿ ಔಷಧಿ ಹೊಡೆಯುವ ನಮ್ಮ ಕೊನೆಗಾರರನ್ನು ಕೂರಿಸಿಕೊಂಡು ಪಾಠ ಶುರುಮಾಡಿದೆ. ‘ಇದಕ್ಕೆ ಕಾರಣ ಫೈಟಾಫ್ತರಾ ಅನ್ನೋ ರೋಗಾಣು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಇದರ ಮೇಲೆ ಬರೆದಿದ್ದಾರೆ...’

ಕೊನೆಗಾರರು ಎದ್ದು ಹೋಗಿ ಕವಳ ಉಗಿದು ಬಂದರು. ‘ಆ ಸಾಹೇಬ್ರು ಸುಣ್ಣ ಎಷ್ಟು ಹಾಕ್ತಿದ್ರಂತೆ?’

ಲೆಕ್ಕ ನನಗೆ ಬಾಯಿಪಾಠ. 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಿಗೆ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿಗೆ; ಎರಡನ್ನೂ ಸೇರಿಸಿದರೆ 100 ಲೀಟರ್, ಶೇಕಡಾ ಒಂದರ ದ್ರಾವಣ. ಪ್ಲಾಸ್ಟಿಕ್ ಡ್ರಮ್ಮು ಹುಡುಕುವ ಸೋಮಾರಿತನಕ್ಕೆ ತುತ್ತವನ್ನು ರಾತ್ರಿಯೇ ಹಳೆಯ ಕಬ್ಬಿಣದ ಬಕೆಟಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಬಕೆಟಿನ ಒಳಮೈ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹೆಂಡತಿಯನ್ನು ಕರೆದು ‘ನೋಡು, ತಾಮ್ರದ ಬಕೆಟ್!’ ಎಂದೆ. ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂತಿತ್ತು; ಬಕೆಟ್ ಎತ್ತಿದಾಗ ತಳದಿಂದ ನೀಲಿ ನೀರು ಧಾರೆಯಾಗಿ ಸೋರಿತು. ‘ತಾಮ್ರದ ಜರಡಿ’ ಎಂದು ಅವಳು ತಿದ್ದಿದಳು.

ಛಲ ಬಿಡದೆ ಹೊಸ ತುತ್ತ ತಂದು, ಡ್ರಮ್ಮಿನಲ್ಲೇ ಕರಗಿಸಿ, ಗಾಳಿಗೆ ಬಿದ್ದು ಹಳತಾಗಿದ್ದ ಸುಣ್ಣ ಬೆರೆಸಿದೆ. ಕೊನೆಗಾರರು ಸೊಂಟದ ಕತ್ತಿ ತೆಗೆದು, ಅಲಗನ್ನು ಲುಂಗಿಗೆ ಉಜ್ಜಿ, ದ್ರಾವಣದಲ್ಲಿ ಅದ್ದಿ ಹಿಡಿದರು. ಸ್ವಲ್ಪ ಹೊತ್ತಿಗೆ ಹೊರತೆಗೆದರೆ ಅಲಗು ಕೆಂಪಗಾಗಿತ್ತು. ಹಾಗಾದರೆ ಹುಳಿ ಜಾಸ್ತಿ, ಸುಣ್ಣ ಸಾಲದು ಎಂದರ್ಥ.

‘ಇದನ್ನ ಹೊಡೆದ್ರೆ ಕೊಳೆ ಬರೋದೇ ಇಲ್ಲ ಮಾರಾಯ್ರೆ,’ ಎಂದರು. ‘ಕೊಳೆಯೋಕೆ ಮರದಲ್ಲಿ ಕಾಯಿನೇ ಇರಲ್ಲ.’

ಆಮೇಲೆ ಅವರು ಸುಣ್ಣದ ತಿಳಿ ಹೊಯ್ಯುತ್ತಾ, ಮತ್ತೆ ಮತ್ತೆ ಕತ್ತಿ ಅದ್ದುತ್ತಾ, ಅಲಗು ಬೆಳ್ಳಗೆ ಹೊರಬರುವವರೆಗೂ ಹದ ಮಾಡಿದರು. ನನಗೆ ಮರದ ಬುಡದಲ್ಲಿ ಪೈಪು ಹಿಡಿಯುವ ಹುದ್ದೆ ಸಿಕ್ಕಿತು. ಅವರು ತುದಿಯಲ್ಲಿ ಕೊನೆಗೆ ಹೊಡೆದದ್ದರಲ್ಲಿ ಅರ್ಧ ನನ್ನ ಮೇಲೇ ಇಳಿಯಿತು. ಸಂಜೆ ಹೊತ್ತಿಗೆ ನಾನು ಯಕ್ಷಗಾನದ ಕೃಷ್ಣನ ಬಣ್ಣಕ್ಕೆ ಬಂದಿದ್ದೆ. ಆ ಮಳೆಗಾಲ ನನಗಂತೂ ಕೊಳೆರೋಗ ಬರಲಿಲ್ಲ.

ಈಗ ಹದ ಮಾಡುವುದು ನಾನೇ. ಕತ್ತಿ ಅದ್ದಿ ನೋಡುತ್ತೇನೆ, ನಂಬಿಕೆ ಸಾಲದೆ ಇನ್ನೊಮ್ಮೆ ಅದ್ದುತ್ತೇನೆ. ಕೊನೆಗಾರರೂ ಬಂದು ಅದ್ದುತ್ತಾರೆ, ಏನೂ ಹೇಳದೆ ಪಂಪಿನ ಕಡೆ ನಡೆಯುತ್ತಾರೆ. ಈ ಮೌನದಿಂದ ಉಬ್ಬಿಹೋಗಿ ಮೊನ್ನೆ ಕೇಳಿದೆ: ‘ಹಾಗಾದ್ರೆ ಮರ ಹತ್ತೋದು ಯಾವಾಗ ಕಲಿಸ್ತೀರಿ? ನನಗೇನೂ ಹೆದರಿಕೆ ಇಲ್ಲ.’

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ‘ಅದು ಬರಲಿ ಮಾರಾಯ್ರೆ, ಆಮೇಲೆ ಹತ್ತಿಸ್ತೀನಿ.’

ಸದ್ಯಕ್ಕೆ ಹೆದರುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.