ಶ್ರೀಮಾನ್ ಅಡ್ಮಿನ್ನರು

ಮಹಾಮಾರಿಗಳು ಬಂದಾಗಲೆಲ್ಲ ಸಮಾಜದಲ್ಲಿ ಕೆಲವು ಹೊಸ ಪಾತ್ರಗಳು ಅವತರಿಸುವುದುಂಟು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟು, ಜನರು ಮನೆಗಳಿಗೆ ಬೀಗ ಹಾಕಿ, ಊರಾಚೆಯ ಬಯಲುಗಳಲ್ಲಿ ಗುಡಿಸಲು ಕಟ್ಟಿಕೊಂಡು, ಮಾರಮ್ಮನಿಗೆ ಹರಕೆ ಹೊತ್ತು ದಿನ ನೂಕುತ್ತಿದ್ದ ಆ ದುಷ್ಕಾಲದಲ್ಲಿ, ಯಾರ ಮನೆಯಲ್ಲಿ ಇಲಿ ಬಿತ್ತೆಂಬ ಸುದ್ದಿಯನ್ನು ಮೊದಲು ತರುವವನಿಗೆ ಸಲ್ಲುತ್ತಿದ್ದ ಮರ್ಯಾದೆ ಪ್ರಾಯಶಃ ಅಮಲ್ದಾರರಿಗೂ ಸಲ್ಲುತ್ತಿರಲಾರದು. ಆ ಕಾಲದವರಿಗೆ ಕ್ಷೇಮವೆಂದರೆ ಮನೆ ಬಿಡುವುದು. 2020ರಲ್ಲಿ ಕೊರೋನಾ ಬಂದಾಗ ನಮಗೆ ಕ್ಷೇಮವೆಂದರೆ ಮನೆ ಹಿಡಿದು ಕೂರುವುದಾಯಿತು. ಹೀಗೆ ದಿಕ್ಕುದಿಕ್ಕಿನಲ್ಲಿ ಬಾಗಿಲು ಹಾಕಿಕೊಂಡು ಕೂತ ಬಂಧುಬಾಂಧವರೆಲ್ಲರನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ಹೊಣೆಯನ್ನು, ಯಾರೂ ಕೊಡದೆ ಯಾರೂ ಕೇಳದೆ, ಕೇವಲ ಸ್ವಯಂಪ್ರೇರಣೆಯಿಂದ ತಲೆಯ ಮೇಲೆ ಹೊತ್ತುಕೊಂಡ ಮಹನೀಯರೊಬ್ಬರು ಪ್ರತಿಯೊಂದು ಮನೆತನದಲ್ಲಿಯೂ ಉದ್ಭವಿಸಿದರು. ಅವರೇ ಕುಟುಂಬದ ವಾಟ್ಸ್ಆಪ್ ಗ್ರೂಪಿನ ಶ್ರೀಮಾನ್ ಅಡ್ಮಿನ್ನರು.

ಈ ಪದವಿಗೆ ಬೇಕಾದ ಅರ್ಹತೆಗಳು ಹೆಚ್ಚೇನೂ ಇಲ್ಲ. ವಯಸ್ಸು ಅರವತ್ತೈದನ್ನು ದಾಟಿರಬೇಕು, ಪಿಂಚಣಿ ಬರುತ್ತಿರಬೇಕು, ಕೈಯಲ್ಲಿರುವ ಮೊಬೈಲು ಮಗನೋ ಅಳಿಯನೋ ಹಳೆಯದೆಂದು ಬಿಟ್ಟುಕೊಟ್ಟದ್ದಾಗಿರಬೇಕು, ಮತ್ತು ಸರ್ಕಾರಿ ಸೇವೆಯಲ್ಲಿದ್ದಾಗ ಇತರರನ್ನು ಹದ್ದಿನಲ್ಲಿಡುವ ಅಭ್ಯಾಸವು ನಿವೃತ್ತಿಯ ನಂತರವೂ ಅಳಿಯದೆ ಉಳಿದು, ಹದ್ದಿನಲ್ಲಿಡಲು ಯಾರೂ ಸಿಕ್ಕದೆ ಪರಿತಪಿಸುತ್ತಿರಬೇಕು. ಈ ಎಲ್ಲ ಲಕ್ಷಣಗಳೂ ನಮ್ಮ ದೊಡ್ಡಪ್ಪನವರಲ್ಲಿ ಪರಿಪೂರ್ಣವಾಗಿದ್ದವು. ಮಲೆನಾಡಿನ ಹಲವು ಪ್ರೌಢಶಾಲೆಗಳಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ಶಿವಮೊಗ್ಗದಲ್ಲಿ ವಿಶ್ರಾಂತ ಜೀವನ ನಡೆಸುತ್ತಿದ್ದ ಅವರು, 2020ರ ಮಾರ್ಚ್ 22ರ ಭಾನುವಾರ, ಜನತಾ ಕರ್ಫ್ಯೂವಿನ ಸಂಜೆ ಐದು ಗಂಟೆಗೆ ದೇಶವೆಲ್ಲ ಚಪ್ಪಾಳೆ ತಟ್ಟುತ್ತಿರಲು, ತಾವೂ ದೇವರಮನೆಯ ಜಾಗಟೆಯನ್ನು ಸಾಂಗವಾಗಿ ಬಾರಿಸಿ, ಆ ಶುಭಮುಹೂರ್ತದಲ್ಲಿಯೇ 'ನಮ್ಮ ಮನೆತನ' ಎಂಬ ಗ್ರೂಪನ್ನು ಸ್ಥಾಪಿಸಿದರು. ಮೂರು ದಿನಗಳೊಳಗೆ ದೇಶಕ್ಕೆ ದೇಶವೇ ಬಂದ್ ಆಯಿತು. ಸುಮಾರು 70 ಕಿಲೋಮೀಟರಿನಾಚೆಯ ಸಾಗರದಲ್ಲಿರುವ ತಂಗಿಗೂ, ಏಳು ಸಮುದ್ರಗಳಾಚೆಯ ನ್ಯೂಜೆರ್ಸಿಯಲ್ಲಿರುವ ಮಗನಿಗೂ ದೂರದ ವಿಷಯದಲ್ಲಿ ಯಾವ ಭೇದವೂ ಉಳಿಯಲಿಲ್ಲ. ಇಬ್ಬರ ಕಡೆಗೂ ಬಸ್ಸಿರಲಿಲ್ಲ.

ಗ್ರೂಪಿನ ಮೊದಲ ಶಾಸನವು ಹಾಜರಿಗೆ ಸಂಬಂಧಪಟ್ಟುದಾಗಿತ್ತು. ಬೆಳಿಗ್ಗೆ ಎಂಟು ಗಂಟೆಯೊಳಗೆ ಪ್ರತಿಯೊಬ್ಬ ಸದಸ್ಯನೂ ತಾನು ಕ್ಷೇಮವಾಗಿರುವುದನ್ನು ಸ್ವಹಸ್ತದಿಂದ ಬರೆದು ತಿಳಿಸತಕ್ಕದ್ದು. ಕಮಲದ ಹೂವಿನ ಮೇಲೆ ಸೂರ್ಯನು ಉದಯಿಸುತ್ತಿರುವ ಚಿತ್ರವನ್ನು ಹಾಜರಿಯೆಂದು ಪರಿಗಣಿಸಲಾಗದು. ಬೆಂಗಳೂರಿನಲ್ಲಿ ಮನೆಯಿಂದಲೇ ಕಚೇರಿಯ ಕೆಲಸ ಮಾಡುತ್ತಿದ್ದ ನನ್ನ ತಮ್ಮನು ಅವಸರದಲ್ಲಿ ಹೆಬ್ಬೆರಳನ್ನು ಎತ್ತಿ ಹಿಡಿದಿರುವ ಚಿಹ್ನೆಯೊಂದನ್ನು ಒತ್ತಿ ಸುಮ್ಮನಾದಾಗ ಕೂಡಲೇ ಪ್ರತ್ಯುತ್ತರ ಬಂತು: "ಚಿರಂಜೀವಿಗೆ ಆಶೀರ್ವಾದಗಳು. ಹೆಬ್ಬೆಟ್ಟು ಒತ್ತುವ ಪದ್ಧತಿ ನಮ್ಮ ವಂಶದಲ್ಲಿ ನಿನ್ನ ಮುತ್ತಜ್ಜಿಯ ಕಾಲಕ್ಕೇ ಮುಗಿಯಿತು. ಅಕ್ಷರದಲ್ಲಿ ಬರೆ." ಬರೆದದ್ದನ್ನು ಅಳಿಸುವುದಂತೂ ಮಹಾಪರಾಧವೆನಿಸಿತ್ತು. 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲು ಕಂಡಿತೋ, ಅಳಿಸಿದವರು ಯಾರು, ಅಳಿಸಿದ್ದೇನು, ಅದನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳಲು ಏನಡ್ಡಿ ಎಂಬ ವಿಚಾರಣೆ ಮಧ್ಯಾಹ್ನದ ಊಟದವರೆಗೂ ನಡೆಯುತ್ತಿತ್ತು.

ಮಾರ್ಚ್ 25, ಲಾಕ್‌ಡೌನಿನ ಮೊದಲ ದಿನವೇ ಯುಗಾದಿ. ಶಾರ್ವರಿ ಸಂವತ್ಸರದ ಆರಂಭ. ತೋರಣಕ್ಕೆ ಮಾವಿನ ಸೊಪ್ಪು ತರಲು ಮಾರುಕಟ್ಟೆಗೆ ಹೋಗುವಂತಿಲ್ಲ, ಪಂಚಾಂಗಶ್ರವಣಕ್ಕೆ ದೇವಸ್ಥಾನದ ಬಾಗಿಲು ತೆರೆದಿಲ್ಲ. ದೊಡ್ಡಪ್ಪನವರು ತಾವೇ ಪಂಚಾಂಗವನ್ನು ಬಿಡಿಸಿ, ರಾಜ, ಮಂತ್ರಿ, ಸೇನಾಧಿಪತಿ, ಸಸ್ಯಾಧಿಪತಿಗಳಿಂದ ಮೊದಲ್ಗೊಂಡು ಹನ್ನೆರಡು ರಾಶಿಗಳ ಆಯವ್ಯಯದವರೆಗೆ ಸಮಸ್ತವನ್ನೂ ಧ್ವನಿಮುದ್ರಿಸಿ, ಗೋಚರಫಲವು ಕೆಟ್ಟದಾಗಿದ್ದ ರಾಶಿಗಳವರಿಗೆ ಮಾತ್ರ ಪ್ರತ್ಯೇಕವಾಗಿ ಫೋನು ಮಾಡಿ ಸಾಂತ್ವನ ಹೇಳಿದರು. ನ್ಯೂಜೆರ್ಸಿಯ ಸೊಸೆಯು ಬೇವು ಸಿಕ್ಕಲಿಲ್ಲವೆಂದು ಸಂಕೋಚದಿಂದ ಬರೆದಾಗ, "ಮೆಂತ್ಯದ ಕಾಳಾದರೂ ಆದೀತು, ಆಪದ್ಧರ್ಮ. ಕಹಿಗೆ ಈ ವರ್ಷ ಕೊರತೆಯಾಗಲಿಕ್ಕಿಲ್ಲ" ಎಂದು ಅನುಮತಿಯಿತ್ತರು. ಆ ಸಂವತ್ಸರದ ಫಲಗಳಲ್ಲಿ ಅಕ್ಷರಶಃ ನಿಜವಾದದ್ದು ಅವರ ಈ ಒಂದು ವಾಕ್ಯ.

ಇನ್ನು ಅವರ ಜ್ಞಾನಪ್ರಸಾರ. ಅಮೃತಬಳ್ಳಿ, ಶುಂಠಿ, ಕಾಳುಮೆಣಸು, ದೊಡ್ಡಪತ್ರೆ ಇವುಗಳ ಕಷಾಯದಿಂದ ಹಿಡಿದು, ಒಂಬತ್ತು ನಿಮಿಷ ದೀಪ ಹಚ್ಚಿದರೆ ಅದರ ಶಾಖಕ್ಕೆ ವಿಷಾಣುಗಳು ಸಾಯುತ್ತವೆಂಬ ವೈಜ್ಞಾನಿಕ ಸಿದ್ಧಾಂತದವರೆಗೆ, ಗ್ರೂಪಿಗೆ ಬಂದು ಬೀಳದ ವಿಷಯವಿರಲಿಲ್ಲ. ಸುಳ್ಳು ಸುದ್ದಿಗಳನ್ನು ಹರಡುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಸುಳ್ಳು ಸುದ್ದಿಯಲ್ಲಿನ ಅಲ್ಪಪ್ರಾಣ ಮಹಾಪ್ರಾಣಗಳನ್ನು ಸರಿಪಡಿಸಿ, ಒತ್ತಕ್ಷರಗಳನ್ನು ಯಥಾಸ್ಥಾನದಲ್ಲಿಟ್ಟು, ಅಲ್ಲಲ್ಲಿ ಅಲ್ಪವಿರಾಮ ಪೂರ್ಣವಿರಾಮಗಳನ್ನು ಹಾಕಿ, ನಿರ್ದುಷ್ಟವಾದ ಕನ್ನಡದಲ್ಲಿ ಅದನ್ನು ಮುಂದಕ್ಕೆ ಕಳುಹಿಸುತ್ತಿದ್ದವರು, ನಾನು ಬಲ್ಲಂತೆ, ನಮ್ಮ ದೊಡ್ಡಪ್ಪನವರೊಬ್ಬರೇ. ವಿಷಯದ ಸತ್ಯಾಸತ್ಯತೆಯನ್ನು ಕುರಿತು ಯಾರಾದರೂ ಆಕ್ಷೇಪವೆತ್ತಿದರೆ, "ಕಾಗುಣಿತದ ತಪ್ಪೇನಾದರೂ ಇದೆಯೆ?" ಎಂದು ಕೇಳುವರು. ಏಪ್ರಿಲ್ 7ರಂದು ವಾಟ್ಸ್ಆಪಿನವರು, ಬಹಳ ಕೈಗಳನ್ನು ದಾಟಿ ಬಂದ ಸಂದೇಶವನ್ನು ಇನ್ನು ಮೇಲೆ ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದೆಂದು ಕಟ್ಟುಮಾಡಿದರು. ನಾವು ನಿಟ್ಟುಸಿರು ಬಿಟ್ಟೆವು. ಆದರೆ ಉತ್ತರಪತ್ರಿಕೆಗಳ ಕಟ್ಟುಗಳನ್ನು ಮೂವತ್ತು ವರ್ಷ ತಿದ್ದಿದ ಕೈಗೆ ಇದೊಂದು ಅಡ್ಡಿಯೆ? ದೊಡ್ಡಪ್ಪನವರು ಸಂದೇಶವನ್ನು ಆದ್ಯಂತವಾಗಿ ತಾವೇ ಮತ್ತೆ ಬರೆಯತೊಡಗಿದರು. ಕೈಬರಹದ ಸುದ್ದಿಯನ್ನು ತಡೆಯುವ ಉಪಾಯವು ಕ್ಯಾಲಿಫೋರ್ನಿಯಾದ ಇಂಜಿನಿಯರುಗಳಿಗೂ ಹೊಳೆದಿರಲಿಲ್ಲ.

ಬರೆದದ್ದರಿಂದಲೇ ತೃಪ್ತರಾಗದೆ ಅವರು ದಿನಕ್ಕೆ ಹಲವರಿಗೆ ಫೋನು ಮಾಡುತ್ತಲೂ ಇದ್ದರು. ಆಗ ಫೋನು ಹಚ್ಚಿದೊಡನೆ ರಿಂಗಿನ ಬದಲು ಕೆಮ್ಮಿನ ಸದ್ದೊಂದು ಕೇಳಿಬಂದು, ಅದರ ಬೆನ್ನಿಗೆ ಸರ್ಕಾರದ ಎಚ್ಚರಿಕೆಯ ಮಾತು ಬರುತ್ತಿದ್ದುದನ್ನು ಓದುಗರು ಮರೆತಿರಲಾರರು. ಸಾಗರದ ಅತ್ತೆಗೆ ಕಿವಿ ಸ್ವಲ್ಪ ಮಂದ. ಅಣ್ಣನಿಗೆ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು ಕೆಮ್ಮೇ ಆದ್ದರಿಂದ, ಅಣ್ಣಯ್ಯನಿಗೆ ರೋಗ ಬಂದಿದ್ದರೂ ಬಚ್ಚಿಡುತ್ತಿದ್ದಾನೆಂದು ಆಕೆ ನಿಶ್ಚಯಿಸಿ, ಇತರ ಬಂಧುಗಳಿಗೆಲ್ಲ ಗುಟ್ಟಾಗಿ ತಿಳಿಸಲು ಒಬ್ಬೊಬ್ಬರಿಗೂ ಫೋನು ಮಾಡಿದರು, ಎಲ್ಲರೂ ಕೆಮ್ಮಿದರು. ವಂಶವೇ ಮುಳುಗಿತೆಂದು ಆಕೆ ಎರಡು ಹೊತ್ತು ಊಟ ಬಿಟ್ಟದ್ದು ನಮಗೆ ಆಮೇಲೆ ತಿಳಿಯಿತು.

ಭಾನುವಾರದ ಸಮಾವೇಶವು ದೊಡ್ಡಪ್ಪನವರ ಪ್ರತಿಭೆಯ ಪರಾಕಾಷ್ಠೆ. ವಾಟ್ಸ್ಆಪಿನ ವಿಡಿಯೊ ಕರೆಯಲ್ಲಿ ಆಗ ನಾಲ್ವರಿಗಷ್ಟೇ ಎಡೆಯಿತ್ತು. ಏಪ್ರಿಲ್ ತಿಂಗಳ ಕೊನೆಗೆ ಅದು ಎಂಟಾಯಿತು. ನಲವತ್ತಕ್ಕೂ ಮಿಕ್ಕ ಕುಟುಂಬವನ್ನು ಎಂಟು ಎಲೆಯ ಪಂಕ್ತಿಯಲ್ಲಿ ಕೂರಿಸುವುದೆಂತು? ಆದಕಾರಣ ಜೂಮಿನ ಆಶ್ರಯ ಪಡೆದರು. ಕಾಸಿಲ್ಲದೆ ಬಳಸುವವರಿಗೆ ಅದು ನಲವತ್ತು ನಿಮಿಷದ ಮಿತಿ ಹಾಕಿತ್ತಷ್ಟೆ. ಈ ಮಿತಿಯನ್ನು ಕೇಳಿ ಇತರರು ಮುಖ ಸಿಂಡರಿಸಿದರೂ ದೊಡ್ಡಪ್ಪನವರು ಮಾತ್ರ ಪರಮಾನಂದಭರಿತರಾದರು. ಏಕೆಂದರೆ ಅವರ ಶಾಲೆಯಲ್ಲಿ ಒಂದು ಪಿರಿಯಡ್ಡೆಂದರೆ ನಲವತ್ತು ನಿಮಿಷವೇ. ಇದನ್ನು ನಿರ್ಮಿಸಿದವನು ಖಂಡಿತವಾಗಿಯೂ ಒಬ್ಬ ಮೇಷ್ಟರ ಮಗನೆಂದು ಅವರು ತೀರ್ಪಿತ್ತರು. ನಮ್ಮಲ್ಲಿ ಸಂಜೆ 7 ಗಂಟೆಯಾದರೆ ದುಬೈಯಲ್ಲಿ 5.30, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 9.30, ಸ್ಯಾನ್ ಹೋಸೆಯಲ್ಲಿ 6.30 ಎಂಬ ವೇಳಾಪಟ್ಟಿಯು ಶನಿವಾರವೇ ಪ್ರಕಟವಾಗುತ್ತಿತ್ತು. ಆ ವರ್ಷದ ನವೆಂಬರ್ 1ರ ಭಾನುವಾರ ಅಮೆರಿಕದವರು ತಮ್ಮ ರೂಢಿಯಂತೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡು, ಹಳೆಯ ಪಟ್ಟಿಯನ್ನೇ ನಂಬಿ, ಎಲ್ಲ ಮುಗಿದ ಮೇಲೆ ಹಲ್ಲುಜ್ಜುತ್ತ ಬಂದಾಗ, "ಗಡಿಯಾರವನ್ನು ತಿದ್ದುವ ದೇಶದವರು ತಮ್ಮನ್ನು ತಿದ್ದಿಕೊಳ್ಳುವುದೆಂದಿಗೆ?" ಎಂದು ಒಂದೇ ಸಾಲು ಬರೆದು ಅವರನ್ನೆಲ್ಲ ಗೈರುಹಾಜರು ಹಾಕಿದರು.

ಸಮಾವೇಶದ ಕ್ರಮವು ಹೀಗಿತ್ತು. ಹುರಿಗಡಲೆಯ ಡಬ್ಬಕ್ಕೆ ಒರಗಿಸಿದ ಮೊಬೈಲಿನ ಮುಂದೆ ದೊಡ್ಡಪ್ಪನವರು, ಮೇಲೆ ಇಸ್ತ್ರಿ ಮಾಡಿದ ಜುಬ್ಬ, ಕೆಳಗೆ ಪಂಚೆ, ಕೈಯಲ್ಲಿ ಹಾಜರಿ ಪುಸ್ತಕದೊಡನೆ ಆಸೀನರಾಗುವರು. ಹೆಸರು ಕೂಗುವುದು ವಯಸ್ಸಿನ ಕ್ರಮದಲ್ಲಲ್ಲ, ಸಂಬಂಧದ ಕ್ರಮದಲ್ಲಿ. ಆದ್ದರಿಂದ ನನ್ನ ತಮ್ಮನಿಗೆ ವರಸೆಯಲ್ಲಿ ಚಿಕ್ಕಪ್ಪನಾಗಬೇಕಾದ ಎರಡು ವರ್ಷದ ಕೂಸೊಂದು ಅವನಿಗಿಂತ ಮೊದಲು ಹಾಜರಿ ಕೊಡುತ್ತಿತ್ತು. ಏಪ್ರಿಲ್ 16ರಂದು ಕೇಂದ್ರ ಗೃಹ ಸಚಿವಾಲಯವು ಜೂಮ್ ಸುರಕ್ಷಿತ ವೇದಿಕೆಯಲ್ಲವೆಂದು ಎಚ್ಚರಿಸಿದಂದಿನಿಂದ, ಮನೆತನದ ರಹಸ್ಯಗಳನ್ನು ಸಭೆಯಲ್ಲಿ ಯಾರೂ ನುಡಿಯಕೂಡದೆಂಬ ನಿಯಮವೂ ಸೇರಿಕೊಂಡಿತು. ಆದರೂ ಕೊನೆಯ ಎರಡು ನಿಮಿಷ ಉಳಿದಿರುವಾಗ ಅತ್ತೆಯ ಧ್ವನಿ ಏಳದಿರುತ್ತಿರಲಿಲ್ಲ.

"ಅಣ್ಣಯ್ಯ, ಎಲ್ಲರೂ ಇದ್ದಾರೆ ಅಂತ ಹೇಳ್ತೀನಿ. ಹಿತ್ತಲ ಹಲಸಿನ ಮರದ ವಿಷಯ ಅಪ್ಪಯ್ಯ ಇರುವಾಗಲೇ..."

"ಅದು ರಹಸ್ಯ ವರ್ಗಕ್ಕೆ ಸೇರಿದ್ದು, ತಂಗಿ."

"ಹಲಸಿನ ಮರ ಎಂಥ ರಹಸ್ಯವೋ? ರಸ್ತೆಗೇ ಕಾಣ್ತದೆ! ಅಪ್ಪಯ್ಯ ನನ್ನ ಕೈ ಹಿಡಿದು..."

ಅಲ್ಲಿಗೆ ನಲವತ್ತು ನಿಮಿಷ ಮುಗಿದು ಪರದೆ ಬರಿದಾಗುವುದು. ಅಪ್ಪಯ್ಯ ಕೈ ಹಿಡಿದು ಏನು ಹೇಳಿದರೆಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. ಎಷ್ಟೋ ಅವಿಭಕ್ತ ಕುಟುಂಬಗಳು ಇಂಥದೊಂದು ಮರದ ಬುಡದಲ್ಲಿ ಒಡೆದು ಹೋಳಾಗಿರುವುದನ್ನು ಕಂಡಿರುವ ನನಗೆ, ನಮ್ಮ ಐಕಮತ್ಯವು ಉಳಿದುಬಂದದ್ದು ಪೂರ್ವಿಕರ ಪುಣ್ಯದಿಂದಲೋ ದುಡ್ಡು ಕಟ್ಟದಿದ್ದ ನಮ್ಮ ಜಿಪುಣತನದಿಂದಲೋ ಎಂಬ ಸಂಶಯವುಂಟು.

ಆ ವರ್ಷದ ಮೇ ತಿಂಗಳಲ್ಲಿ ಮದುವೆಗೆ 50 ಜನರೆಂದು ಸರ್ಕಾರವು ಮಿತಿ ಹಾಕಿದಾಗ, ತಂಗಿಯೊಬ್ಬಳ ವಿವಾಹದ ಪಟ್ಟಿಯನ್ನು ಸಿದ್ಧಪಡಿಸಿದವರೂ ದೊಡ್ಡಪ್ಪನವರೇ. ಪುರೋಹಿತರು, ಅಡುಗೆಯವರು, ವಾಲಗದವರು ಎಂದು ಕಳೆಯುತ್ತ ಬಂದು, ಉಳಿದ ಬಂಧುಗಳಿಗೆ ಯೂಟ್ಯೂಬಿನ ಲಿಂಕನ್ನು ಅರಿಸಿನ ಕುಂಕುಮ ಹಚ್ಚಿದ ಕರೆಯೋಲೆಯ ಚಿತ್ರದೊಡನೆ ಕಳುಹಿಸಿದರು. ನಾವು ನಮ್ಮ ನಮ್ಮ ಮನೆಗಳಲ್ಲಿ ಟೀವಿಯ ಮೇಲೆ ಅಕ್ಷತೆ ಹಾಕಿದೆವು. ಮುಯ್ಯಿಯನ್ನು ಐನೂರಕ್ಕೆ ಒಂದು ರೂಪಾಯಿ ಸೇರಿಸಿ ಗೂಗಲ್ ಪೇಯಲ್ಲಿ ಅರ್ಪಿಸಿದೆವು. ಮಾಂಗಲ್ಯಧಾರಣೆಗೆ ಮುಂಚೆ ಲಿಂಕು ಬಿಟ್ಟು ಎದ್ದುಹೋದವರಾರೆಂದು ಅವರು ಸಂಜೆ ವಿಚಾರಿಸಿದರು.

ಇಷ್ಟೆಲ್ಲ ಶಿಸ್ತನ್ನು ತಾಳಲಾರದೆ ಸೊಸೆಯಂದಿರು ಮತ್ತು ಮೊಮ್ಮಕ್ಕಳು ಸೇರಿ ದೊಡ್ಡಪ್ಪನವರಿಲ್ಲದ ಗ್ರೂಪೊಂದನ್ನು 'ಕೊನೆಯ ಬೆಂಚು' ಎಂಬ ಹೆಸರಿನಲ್ಲಿ ಗುಪ್ತವಾಗಿ ತೆರೆದರು. ಅದರಲ್ಲಿ ಹಗಲಿರುಳು ಉತ್ಸಾಹದಿಂದ ಚರ್ಚೆ ನಡೆಯುತ್ತಿತ್ತು. ಚರ್ಚೆಯ ವಿಷಯ ಒಂದೇ, ದೊಡ್ಡಪ್ಪ. ಅದಕ್ಕೆ ಮುಂಚೆ ಪರಸ್ಪರ ಮಾತೇ ಆಡದಿದ್ದ ಓರಗಿತ್ತಿಯರು ಅಲ್ಲಿ ಪ್ರಾಣಸಖಿಯರಾದರು. ಹೀಗೆ ಒಂದು ಗ್ರೂಪಿನಲ್ಲಿ ತಮ್ಮ ಸಾನ್ನಿಧ್ಯದಿಂದಲೂ ಇನ್ನೊಂದರಲ್ಲಿ ತಮ್ಮ ಅಭಾವದಿಂದಲೂ ಕುಟುಂಬವನ್ನು ಒಂದುಗೂಡಿಸಿದ ಕೀರ್ತಿ ಅವರಿಗೇ ಸಲ್ಲಬೇಕು.

ಒಮ್ಮೆ ಬೆಂಗಳೂರಿನಲ್ಲಿ ಒಂಟಿಯಾಗಿದ್ದ ಚಿಕ್ಕಮ್ಮನೊಬ್ಬರ ಹಾಜರಿ ಎಂಟೂವರೆಯಾದರೂ ಬರಲಿಲ್ಲ. ದೊಡ್ಡಪ್ಪನವರು ಪಕ್ಕದ ಮನೆಯವರನ್ನು ಎಬ್ಬಿಸಿ, ಕಾವಲುಗಾರನನ್ನು ಓಡಿಸಿ, ಬಾಗಿಲು ತಟ್ಟಿಸಿ ಗಲಭೆಯೆಬ್ಬಿಸಿದಾಗ, ಚಿಕ್ಕಮ್ಮ ಕೈತುಂಬ ದೋಸೆಹಿಟ್ಟಿನೊಡನೆ ಹೊರಬಂದು, ಫೋನು ರುಬ್ಬಿದ ಹಿಟ್ಟಿನ ಪಾತ್ರೆಗೆ ಬಿದ್ದಿರುವುದಾಗಿ ಹೇಳಿ, ಭಾವನವರ ಮೇಲೆ ಕೆಂಡ ಕಾರಿದರು. ನಾವೆಲ್ಲರೂ ಕೊನೆಯ ಬೆಂಚಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. 2021ರ ಮೇ ತಿಂಗಳಲ್ಲಿ ಅದೇ ಚಿಕ್ಕಮ್ಮನ ಹಾಜರಿ ಎರಡನೆಯ ಸಲ ತಪ್ಪಿದಾಗ ಮಾತ್ರ ಅದು ಹಿಟ್ಟಿನ ವಿಷಯವಾಗಿರಲಿಲ್ಲ. ಆ ಹೊತ್ತಿಗಾಗಲೇ ದೊಡ್ಡಪ್ಪನವರ ಪುಸ್ತಕದಲ್ಲಿ ಹಾಜರಿಯ ಪಕ್ಕದಲ್ಲಿ ಇನ್ನೊಂದು ಅಂಕಣ ತೆರೆದಿತ್ತು: ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕ. 94ಕ್ಕಿಂತ ಕೆಳಗಿಳಿದರೆ ಫೇಲು, ಕೂಡಲೇ ಡಾಕ್ಟರು. ಇದರಲ್ಲಿ ಅವರಿಗೆ ಯಾವ ಫಾರ್ವರ್ಡಿನ ಸಲಹೆಯೂ ಬೇಕಾಗಿರಲಿಲ್ಲ. ಚಿಕ್ಕಮ್ಮನಿಗೆ ಹಿಂದಿನ ಸಂಜೆ 93 ಬಂದಿದ್ದುದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದ ಅವರು, ಹತ್ತು ಗಂಟೆಯೊಳಗೆ ಬೆಂಗಳೂರಿನ ಮೂಲೆಮೂಲೆಯಲ್ಲಿದ್ದ ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನು ಮಾಡಿ, ಎಂದೋ ಕಿವಿ ಹಿಂಡಿದ ಸಲಿಗೆಯಿಂದ ಗದರಿಸಿ, ಆಸ್ಪತ್ರೆಯಲ್ಲಿ ಒಂದು ಹಾಸಿಗೆ ದೊರಕಿಸಿದರು. ಚಿಕ್ಕಮ್ಮ ಬದುಕಿದರು. ಈಗಲೂ ಭಾವನವರನ್ನು ಬೈಯುತ್ತಾರೆ, ಆದರೆ ಎಂಟು ಗಂಟೆಗೆ ಸರಿಯಾಗಿ ಹಾಜರಿ ಕೊಟ್ಟ ಮೇಲೆ.

ಕಿರಿಕಿರಿಯನ್ನು ಉಂಟುಮಾಡದೆ ಕ್ಷೇಮಸಮಾಚಾರವನ್ನು ವಿಚಾರಿಸುವ ಸುಸಂಸ್ಕೃತರು ನಮ್ಮ ಮನೆತನದಲ್ಲಿ ಬಹುಮಂದಿ ಇದ್ದರು. ಅವರು ಹಬ್ಬಕ್ಕೊಮ್ಮೆ ವಿಚಾರಿಸಿದರು. ನಿತ್ಯವೂ ವಿಚಾರಿಸುವುದಕ್ಕೆ ಬೇಕಾದ ಮೊಂಡುತನವು ಸುಸಂಸ್ಕೃತರಲ್ಲಿ ಇರುವುದಿಲ್ಲ; ಅದು ಅಡ್ಮಿನ್ನರಲ್ಲಿ ಮಾತ್ರ ಇರುತ್ತದೆಂಬುದು ನನ್ನ ಅಭಿಪ್ರಾಯ.

ಆದಕಾರಣ ಓದುಗ ಮಹಾಶಯರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಮನೆತನದಲ್ಲಿಯೂ ಇಂಥ ಮಹನೀಯರೊಬ್ಬರು ಇದ್ದೇ ಇರುತ್ತಾರೆ. ಅವರ ಗ್ರೂಪನ್ನು ನೀವು ಮ್ಯೂಟ್ ಮಾಡಿಯೂ ಇರುತ್ತೀರಿ. ಮಾಡಬೇಡಿರೆಂದು ನಾನು ಹೇಳಲಾರೆ, ಮನುಷ್ಯನ ಸಹನೆಗೂ ಒಂದು ಮೇರೆಯುಂಟು. ವಾಟ್ಸ್ಆಪಿನಲ್ಲಿ ಇದಕ್ಕೆ ಮೂರು ಅವಧಿಗಳಿವೆ: ಎಂಟು ಗಂಟೆ, ಒಂದು ವಾರ, ಮತ್ತು ಯಾವಾಗಲೂ. ದಯಮಾಡಿ ಮೊದಲನೆಯದನ್ನೇ ಆರಿಸಿಕೊಳ್ಳಿ. ರಾತ್ರಿ ಹನ್ನೆರಡಕ್ಕೆ ಬಾಯಿ ಮುಚ್ಚಿಸಿದರೆ ಬೆಳಗಿನ ಎಂಟರ ಹಾಜರಿಗೆ ಸರಿಯಾಗಿ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ.